ಮಗ ಎರಡನೇ ಆಲ್ಬಂ ಬಿಟ್ಟಿದ್ದಾನಂತೆ, ಹಾಗಂದರೇನು?

ಕೋಲಾರದ ಗಡಿಯಾರ ಗೋಪುರದ ಹತ್ತಿರ ನಾನು ಟೀ ಕುಡಿಯುವ ಅಂಗಡಿಗೆ ನಮ್ಮ ಪಕ್ಕದ ಬೀದಿಯವರೊಬ್ಬರು ಬರುತ್ತಾರೆ. ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟವರು. ಹರಾಜು ಮುಗಿಸಿ ಬಂದು ಕೂತರೆ ಅವರ ಬಾಯಲ್ಲಿ ರೇಟು ಬಿಟ್ಟು ಬೇರೆ ಮಾತು ಬರುವುದು ಕಡಿಮೆ. ಹೋದ ವಾರ ಮಾತ್ರ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. "ಅಣ್ಣಾ, ನೀವು ಆರ್ಕೆಸ್ಟ್ರಾದಲ್ಲಿ ಇದ್ದವರು. ಇದೇನು ಅಂತ ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಹುಡುಗ ಎರಡನೇ ಆಲ್ಬಂ ಬಿಟ್ಟಿದ್ದಾನಂತೆ. ಮೊದಲನೇದು ಏನಾಯ್ತು ಅಂತಲೇ ನನಗೆ ಇನ್ನೂ ಗೊತ್ತಾಗಿಲ್ಲ."

ಹುಡುಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಜೊತೆಗೆ ಹಾಡು ಬರೆಯುತ್ತಾನೆ, ಹಾಡುತ್ತಾನೆ. ಎರಡು ವರ್ಷದ ಹಿಂದೆ ಅವನ ಮೊದಲ ಆಲ್ಬಂನ ಒಂದು ಹಾಡು ಊರಿನ ಹುಡುಗರ ರೀಲ್ಸ್‌ನಲ್ಲೆಲ್ಲ ಓಡಿತ್ತು. ಅಂತರಗಂಗೆ ಮೆಟ್ಟಿಲ ಮೇಲೆ ನಿಂತು ವಿಡಿಯೊ ಮಾಡಿದವರೆಲ್ಲ ಅದನ್ನೇ ಹಾಕುತ್ತಿದ್ದರು. ಈಗ ಎರಡನೆಯದು ಬಂದಿದೆ. ಕೆಲವರು "ಮೊದಲಿನಷ್ಟು ಇಲ್ಲ" ಅನ್ನುತ್ತಾರೆ, ಕೆಲವರು "ಈಗ ನೋಡಿ ನಿಜವಾದ ಕೆಲಸ" ಅನ್ನುತ್ತಾರೆ. ಅಪ್ಪನಿಗೆ ಬೇಕಾಗಿದ್ದು ಒಂದೇ ಉತ್ತರ. ಹಿಟ್ಟಾ, ಫ್ಲಾಪಾ?

ಟೀ ಆರುವುದರೊಳಗೆ ಹೇಳಿ ಮುಗಿಸುವ ಉತ್ತರ ಅದಲ್ಲ. ಮೂರ್ನಾಲ್ಕು ಬೆಳಿಗ್ಗೆ ಹಿಡಿಯಿತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಇಂಥ ಹುಡುಗ ಹುಡುಗಿಯರು ಈಗ ಮಾಲೂರಲ್ಲೂ ಇದ್ದಾರೆ, ಚಿಂತಾಮಣಿಯಲ್ಲೂ ಇದ್ದಾರೆ. ಅವರ ಮನೆಯವರಿಗೂ ಉಪಯೋಗವಾದೀತು.

## ಆಲ್ಬಂ ಅನ್ನೋ ಹೆಸರು ಎಲ್ಲಿಂದ ಬಂತು

ಮದುವೆ ಫೋಟೋ ಆಲ್ಬಂ ಗೊತ್ತಲ್ಲ, ಹಾಡಿನ ಆಲ್ಬಂ ಹುಟ್ಟಿದ್ದೂ ಅಂಥದ್ದೇ ಪುಸ್ತಕದಿಂದ. ಹಳೇ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. 1902ರಲ್ಲಿ ಕೋಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ತಟ್ಟೆಗೆ ಹಾಡಿದಾಗ, ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲೇ ಕಟ್ಟಿಕೊಡಬೇಕಾಯಿತು. (ಆಕೆ ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದರು. 1930ರಲ್ಲಿ ತೀರಿಕೊಂಡದ್ದೂ ಅಲ್ಲೇ.) ದೊಡ್ಡ ಕೃತಿಯಾದರೆ ನಾಲ್ಕೈದು ತಟ್ಟೆ ಬೇಕು. ಅವನ್ನು ಕಾಗದದ ಚೀಲಗಳಿರುವ ದಪ್ಪ ಪುಸ್ತಕದಲ್ಲಿ ಜೋಡಿಸಿ ಮಾರುತ್ತಿದ್ದರು. ಆ ಪುಸ್ತಕದ ಹೆಸರೇ ಆಲ್ಬಂ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಧಾನವಾಗಿ ತಿರುಗುವ ಲಾಂಗ್ ಪ್ಲೇ, ಅಂದರೆ ಎಲ್‌ಪಿ ತಟ್ಟೆ ತಂದಿತು. ಒಂದು ಮಗ್ಗುಲಿಗೆ 20 ನಿಮಿಷಕ್ಕೂ ಜಾಸ್ತಿ. ಪುಸ್ತಕ ಹೋಯಿತು, ಹೆಸರು ಉಳಿಯಿತು. ಎಂಟು ಹತ್ತು ಹಾಡು, ನಲವತ್ತು ನಿಮಿಷದ ಆಸುಪಾಸು ಅನ್ನುವ ಅಳತೆ ಆ ತಟ್ಟೆಯದ್ದು. ತಟ್ಟೆಯೇ ಇಲ್ಲದ ಈ ಕಾಲದಲ್ಲೂ ಅದೇ ಅಳತೆ ನಡೆಯುತ್ತಿದೆ ಅನ್ನೋದು ತಮಾಷೆ.

ನಮ್ಮವರಿಗೆ ಇದು ಕ್ಯಾಸೆಟ್ ರೂಪದಲ್ಲಿ ಪರಿಚಯವಾಯಿತು. 1978ರಲ್ಲಿ ಬಂದ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಹೆಸರಾದದ್ದು. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ಸಂಗೀತ. ಅದರ ಹಿಂದೆ ಸಿನಿಮಾ ಇರಲಿಲ್ಲ, ಹೀರೋ ಇರಲಿಲ್ಲ. ಹಾಡು ಕೇಳಬೇಕು ಅಂತಲೇ ಜನ ದುಡ್ಡು ಕೊಟ್ಟು ತಂದರು. ಎ ಸೈಡ್ ಮುಗಿದರೆ ತಿರುಗಿಸಿ ಬಿ ಸೈಡ್ ಹಾಕಿದರು. ಹುಡುಗನ ಆಲ್ಬಂ ಅಂದರೆ ಅದೇ, ಕ್ಯಾಸೆಟ್ ಒಂದಿಲ್ಲ.

ಒಂಟಿ ಹಾಡು ಬಿಟ್ಟರೆ ಅದು ಸಿಂಗಲ್. ನಾಲ್ಕೈದು ಹಾಡಿದ್ದರೆ ಇಪಿ. ಅದಕ್ಕಿಂತ ಜಾಸ್ತಿ ಇದ್ದರೆ ಆಲ್ಬಂ. ವೇದಿಕೆಯಲ್ಲಿ ಹಾಡಿದ್ದನ್ನೇ ಹಿಡಿದಿಟ್ಟರೆ ಲೈವ್ ಆಲ್ಬಂ, ಹೊಸ ಹಾಡುಗಳನ್ನು ಕೂತು ರೆಕಾರ್ಡ್ ಮಾಡಿದರೆ ಸ್ಟುಡಿಯೋ ಆಲ್ಬಂ. 'ಎರಡನೇ ಸ್ಟುಡಿಯೋ ಆಲ್ಬಂ' ಅಂತ ಲೆಕ್ಕ ಹಾಕುವಾಗ ಸಿಂಗಲ್, ಇಪಿ, ಲೈವ್ ಯಾವುದೂ ಸೇರುವುದಿಲ್ಲ.

## ಇಂಡೀ ಅಂದರೆ ಹಾಡಿನ ಜಾತಿಯಲ್ಲ

ನಮ್ಮ ಹುಡುಗನಂಥವರನ್ನು ಇಂಡೀ ಕಲಾವಿದರು ಅನ್ನುತ್ತಾರೆ. ಇಂಡೀ ಅಂದ ಕೂಡಲೇ ಗಿಟಾರ್ ಹಿಡಿದು ಕೂದಲು ಬಿಟ್ಟ ಹುಡುಗ ಕಣ್ಣ ಮುಂದೆ ಬರುತ್ತಾನೆ. ಆದರೆ ಅದು ಮೂಲದಲ್ಲಿ ವ್ಯವಹಾರದ ಮಾತು. 'ಇಂಡಿಪೆಂಡೆಂಟ್' ಅನ್ನೋದನ್ನು ಮೊಟಕು ಮಾಡಿದ್ದು. ಖರ್ಚು ಯಾರು ಹಾಕಿದರು, ಹಾಡು ಯಾರ ಸ್ವತ್ತು, ಕೊನೇ ಮಾತು ಯಾರದು, ಇಷ್ಟೇ ವಿಷಯ.

ನಮ್ಮ ಕಡೆ ಮಿಡಿಸೌತೆ ಬೆಳೆಸುವ ಕಂಪನಿಗಳಿವೆಯಲ್ಲ, ಅದನ್ನು ನೆನೆಸಿಕೊಳ್ಳಿ. ಬೀಜ ಅವರೇ ಕೊಡುತ್ತಾರೆ, ಗೊಬ್ಬರ ಅವರೇ ಕೊಡುತ್ತಾರೆ, ಒಪ್ಪಿದ ರೇಟಿಗೆ ಅವರೇ ಕೊಳ್ಳುತ್ತಾರೆ. ರೈತನಿಗೆ ಭಯ ಕಡಿಮೆ. ಹಾಗೇ ಬೆಳೆಯ ಮೇಲೆ ಅಧಿಕಾರವೂ ಕಡಿಮೆ. ಸಿನಿಮಾ ಹಾಡು ಹೆಚ್ಚುಕಡಿಮೆ ಹೀಗೆ. ನಿರ್ಮಾಪಕರು ಹೇಳಿ ಮಾಡಿಸುತ್ತಾರೆ, ಹಾಡಿನ ಹಕ್ಕು ಆಡಿಯೊ ಕಂಪನಿಗೆ ಹೋಗುತ್ತದೆ. ಇಂಡೀ ಅಂದರೆ ಸ್ವಂತ ಹೊಲ, ಸ್ವಂತ ಬೀಜ, ಸ್ವಂತ ಸಾಲ.

ಸರಿ, ಸ್ವಂತವಾಗಿ ಬೆಳೆದದ್ದನ್ನು ಮಾರುವುದು ಎಲ್ಲಿ? ಇಲ್ಲಿ ಡಿಸ್ಟ್ರಿಬ್ಯೂಟರ್ ಅನ್ನುವವರು ಬರುತ್ತಾರೆ. ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಇಂಥ ಹೆಸರುಗಳು. ವರ್ಷಕ್ಕಿಷ್ಟು ಫೀಸು ಅಥವಾ ಬಂದದ್ದರಲ್ಲಿ ಇಂತಿಷ್ಟು ಪಾಲು ತೆಗೆದುಕೊಂಡು ಹಾಡನ್ನು ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್ ಇಂಥ ಹಾಡು ಕೇಳುವ ಆಪ್ ಎಲ್ಲಕ್ಕೂ ತಲುಪಿಸುತ್ತಾರೆ. ಒಂದೊಂದು ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಗಳ ಗುರುತು ಬೀಳುತ್ತದೆ. ಎಲ್ಲಿ ಎಷ್ಟು ಸಲ ಓಡಿತು ಅಂತ ಲೆಕ್ಕ ಸಿಗುವುದು ಆ ಗುರುತಿನಿಂದ.

ಇದನ್ನು ಹೇಳಿದಾಗ ಅಪ್ಪ ನಕ್ಕರು. "ಅಂದ್ರೆ ನಮ್ಮ ಕೆಲಸಾನೇ. ಲಾಟ್ ನಂಬರ್ ಹಾಕೋದು, ಹರಾಜಿಗೆ ಇಡೋದು, ಕಮಿಷನ್ ಹಿಡಿಯೋದು. ಮಾಲು ಮಾತ್ರ ರೈತಂದೇ." ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಕಂಪನಿ ಕೈ ಹಿಡಿದ ಮೇಲೂ ಇಂಡೀ ಅನ್ನೋ ಹೆಸರು ಅಂಟಿಕೊಂಡೇ ಇರುವುದುಂಟು. ಪ್ರತೀಕ್ ಕುಹಾಡ್ ಅವರನ್ನು ಇವತ್ತಿಗೂ ಇಂಡೀ ಗಾಯಕ ಅನ್ನುತ್ತಾರೆ, ಅವರ ಎರಡನೇ ಆಲ್ಬಂ 2022ರಲ್ಲಿ ಬಂದದ್ದು ಅಮೆರಿಕದ ಎಲೆಕ್ಟ್ರಾ ಕಂಪನಿಯ ಮೂಲಕ. ಹಾಗಾಗಿ ಈ ಪದವನ್ನು ತೀರಾ ಬಿಗಿಯಾಗಿ ಹಿಡಿಯಬೇಡಿ.

ಹೆಸರು ಹೊಸದು, ಕೆಲಸ ನಮ್ಮ ಜಿಲ್ಲೆಗೆ ಹೊಸದಲ್ಲ. ಕೋಟಿಗಾನಹಳ್ಳಿ ರಾಮಯ್ಯನವರ ಹಾಡುಗಳು, ಪಿಚ್ಚಳ್ಳಿ ಶ್ರೀನಿವಾಸ್ ಅವರ ದನಿ ಊರೂರಿಗೆ ಹೋದದ್ದು ಯಾವ ಆಡಿಯೊ ಕಂಪನಿಯ ದಯೆಯಿಂದಲೂ ಅಲ್ಲ. ತಮಟೆ ಮತ್ತು ಗಂಟಲು ಇದ್ದರೆ ಸಾಕಿತ್ತು. ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ 'ಹುಣ್ಣಿಮೆ ಹಾಡು' ಕಾರ್ಯಕ್ರಮ ಕೇಳಿದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

## ಸ್ಟುಡಿಯೋ ಒಳಗೆ ಏನು ನಡೆಯುತ್ತದೆ

ನಾನು ಕೀಬೋರ್ಡ್ ನುಡಿಸುತ್ತಿದ್ದ ಆರ್ಕೆಸ್ಟ್ರಾದಲ್ಲಿ ಎಲ್ಲರೂ ಒಟ್ಟಿಗೆ ನುಡಿಸುತ್ತಿದ್ದೆವು. ಗಣಪತಿ ಪೆಂಡಾಲಿನಲ್ಲಿ ತಪ್ಪಾದರೆ ಅದು ಪಟಾಕಿ ಸದ್ದಿನಲ್ಲಿ ಕೊಚ್ಚಿಹೋಗುತ್ತಿತ್ತು. ಸ್ಟುಡಿಯೋದಲ್ಲಿ ಹಾಗಲ್ಲ. ಮೊದಲು ಹುಡುಗ ಗಿಟಾರ್ ಹಿಡಿದು ಇಡೀ ಹಾಡನ್ನು ಒರಟಾಗಿ ಹಾಡಿಡುತ್ತಾನೆ. ಆಮೇಲೆ ಕಿವಿಯಲ್ಲಿ ಟಿಕ್ ಟಿಕ್ ಅಂತ ತಾಳ ಕೇಳಿಸಿಕೊಳ್ಳುತ್ತಾ ಡ್ರಮ್ಸ್‌ನವನು ಒಬ್ಬನೇ ನುಡಿಸುತ್ತಾನೆ. ಅದರ ಮೇಲೆ ಬೇಸ್, ಅದರ ಮೇಲೆ ಕೊಳಲು, ಕೊನೆಗೆ ಒರಟು ದನಿ ತೆಗೆದುಹಾಕಿ ನಿಜವಾದ ಹಾಡುಗಾರಿಕೆ. ಒಂದು ಹಾಡಿನಲ್ಲಿ ಇಂಥ ಮೂವತ್ತು ನಲವತ್ತು ಪದರ ಇರಬಹುದು. ಜೊತೆಯಲ್ಲಿ ನುಡಿಸಿದಂತೆ ಕೇಳುವ ಇಬ್ಬರು ಒಬ್ಬರನ್ನೊಬ್ಬರು ನೋಡೇ ಇರುವುದಿಲ್ಲ.

ಹುಡುಗನ ಹೊಸ ಆಲ್ಬಂನಲ್ಲಿ ತಮಟೆ ಇದೆ. ತಮಟೆಯನ್ನು ಸ್ಟುಡಿಯೋಗೆ ತರುವುದು ಎಷ್ಟು ತಾಪತ್ರಯ ಅಂತ ಅವನೇ ಹೇಳಿದ. ಚರ್ಮ ಬೆಂಕಿಗೆ ಹಿಡಿದು ಕಾಯಿಸಿದರೆ ಬಿಗಿಯಾಗುತ್ತದೆ, ಆಗಲೇ ಆ ಚುರುಕು ದನಿ. ಎಸಿ ರೂಮಿನಲ್ಲಿ ಬೆಂಕಿ ಹಾಕೋಕಾಗುತ್ತಾ? ಹೊರಗೆ ರಸ್ತೆ ಬದಿಯಲ್ಲಿ ಹುಲ್ಲು ಹಚ್ಚಿ ಕಾಯಿಸುವುದು, ಒಳಗೆ ಓಡಿ ಬಂದು ಎರಡು ಸಲ ಬಾರಿಸುವುದು, ಅಷ್ಟರಲ್ಲಿ ತಣ್ಣಗಾಗಿ ದನಿ ಇಳಿಯುವುದು, ಮತ್ತೆ ಹೊರಗೆ. ಒಂದು ಹಾಡಿನ ತಮಟೆಗೆ ಒಂದು ಇಡೀ ಸಂಜೆ ಹೋಯಿತಂತೆ. ಚಿಂತಾಮಣಿ ಸೀಮೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ ಅದು, ಮೈಕಿನ ಮುಂದೆ ಸುಮ್ನೆ ಕೂರುವ ಸ್ವಭಾವದ್ದಲ್ಲ.

ಪದರಗಳೆಲ್ಲ ಸಿದ್ಧವಾದ ಮೇಲೆ ಮಿಕ್ಸಿಂಗ್. ಯಾವುದು ಮುಂದೆ, ಯಾವುದು ಹಿಂದೆ, ಯಾವುದು ಎಡಗಿವಿಗೆ, ಯಾವುದು ಬಲಗಿವಿಗೆ ಅಂತ ಹದ ಮಾಡುವುದು. ಹುಳಿಗೆ ಉಪ್ಪು ಖಾರ ನೋಡಿದ ಹಾಗೆ. ಅದಾದ ಮೇಲೆ ಮಾಸ್ಟರಿಂಗ್. ಇದು ಒಂದು ಹಾಡಿನ ಮಾತಲ್ಲ, ಇಡೀ ಎಲೆಯ ಮಾತು. ಕೋಸಂಬರಿಯಿಂದ ಪಾಯಸದವರೆಗೆ ಒಂದೇ ಅಡುಗೆ ಮನೆಯಿಂದ ಬಂದದ್ದು ಅನ್ನಿಸಬೇಕು. ಒಂದು ಹಾಡು ಕೂಗುತ್ತಾ ಇನ್ನೊಂದು ಪಿಸುಗುಟ್ಟುತ್ತಾ ಇದ್ದರೆ ಕೇಳುವವನು ಮೊಬೈಲಿನ ದನಿ ಏರಿಸಿ ಇಳಿಸಿ ಸುಸ್ತಾಗುತ್ತಾನೆ.

ಎಷ್ಟು ಖರ್ಚು ಅಂತ ಕೇಳಿದರೆ ಒಂದೇ ಲೆಕ್ಕವಿಲ್ಲ. ನಿರ್ವಾಣ ಅನ್ನುವ ಅಮೆರಿಕದ ತಂಡ 1989ರಲ್ಲಿ ಬಿಟ್ಟ ಮೊದಲ ಆಲ್ಬಂನ ರೆಕಾರ್ಡಿಂಗ್‌ಗೆ ತಗುಲಿದ್ದು 606 ಡಾಲರ್ ಚಿಲ್ಲರೆ. ಈಗ ಲ್ಯಾಪ್‌ಟಾಪ್, ಒಂದು ಒಳ್ಳೆ ಮೈಕು, ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸುವ ಒಂದು ಪುಟ್ಟ ಡಬ್ಬಿ ಇದ್ದರೆ ಮನೆಯಲ್ಲೇ ಆಗುತ್ತದೆ. ನಮ್ಮ ಹುಡುಗನ ಮೊದಲ ಆಲ್ಬಂ ಆದದ್ದು ಹಾಗೇ. ಪಿಜಿ ರೂಮಿನ ಗೋಡೆಗೆ ರಜಾಯಿ ನೇತುಹಾಕಿ, ರಾತ್ರಿ ಬೀದಿ ಮಲಗಿದ ಮೇಲೆ ಹಾಡಿದ್ದು. ಎರಡನೆಯದಕ್ಕೆ ಉಳಿಸಿದ ದುಡ್ಡು ಹಾಕಿ ಬಾಡಿಗೆ ಸ್ಟುಡಿಯೋ ಹಿಡಿದ, ಕಸುಬು ಬಲ್ಲವರನ್ನು ಕರೆಸಿದ. ದನಿ ತಿಳಿಯಾಯಿತು. ಹಾಗಾಗಿದ್ದಕ್ಕೇ ಕೆಲವರಿಗೆ ಬೇಸರವೂ ಆಯಿತು. ಯಾಕೆ ಅನ್ನುವುದು ಮುಂದಿನ ಮಾತು.

## ಎರಡನೆಯದೇ ಯಾಕೆ ಕಷ್ಟ

ಸಂಗೀತದವರ ನಡುವೆ ಒಂದು ಮಾತು ಓಡಾಡುತ್ತದೆ. ಮೊದಲ ಆಲ್ಬಂ ಬರೆಯೋಕೆ ಹುಟ್ಟಿದಾಗಿನಿಂದ ಸಮಯ ಇರುತ್ತದೆ, ಎರಡನೆಯದಕ್ಕೆ ಎರಡು ವರ್ಷ ಅಂತ. ಲೆಕ್ಕ ಸರಿಯಾಗಿಯೇ ಇದೆ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಆದರೆ ಅವರು 'ಅಂತರಾಗ್ನಿ' ತಂಡ ಕಟ್ಟಿಕೊಂಡು ಹಾಡಲು ಶುರು ಮಾಡಿದ್ದು 1990ರ ದಶಕದ ಕೊನೆಯಲ್ಲಿ. ಅಂದರೆ ಆಲ್ಬಂ ಕೈಗೆ ಬರುವ ಹೊತ್ತಿಗೆ ವೇದಿಕೆ ಮೇಲಿನ ಹತ್ತು ವರ್ಷ ಬೆನ್ನಿಗಿತ್ತು. ಎರಡನೆಯದು 2013ರಲ್ಲಿ ಬಂತು, ಐದು ವರ್ಷ ಬಿಟ್ಟು. ಪ್ರತೀಕ್ ಕುಹಾಡ್ ಅವರ ಎರಡು ಆಲ್ಬಂ ನಡುವೆ ಏಳು ವರ್ಷದ ಅಂತರ. ಗಡುವು ಹಾಕುವ ಕಂಪನಿ ಇಲ್ಲದವರಿಗೆ ಇಷ್ಟು ಕಾಯುವ ಅನುಕೂಲ ಇದೆ. ಹಾಗಂತ ಕಾಯುವಾಗ ಜನ ಮರೆಯುವ ಭಯವೂ ಇದೆ.

ಮೊದಲ ಆಲ್ಬಂಗೆ ಹಾಡು ಆರಿಸುವುದು ತುಂಬಿದ ಕಣಜದಿಂದ. ನಲವತ್ತು ಹಾಡು ಬರೆದಿದ್ದರೆ ಅದರಲ್ಲಿ ಒಳ್ಳೆಯ ಎಂಟು. ಎರಡನೆಯದಕ್ಕೆ ಉಳಿದದ್ದನ್ನು ಹಾಕುವಂತಿಲ್ಲ, ಅವು ಒಮ್ಮೆ ಬೇಡ ಅಂತ ಬಿಟ್ಟವು. ಹೊಸದಾಗಿ ಬರೆಯಬೇಕು. ಅಷ್ಟರಲ್ಲಿ ಬದುಕೂ ಬದಲಾಗಿರುತ್ತದೆ. ಮೊದಲ ಸಲ ಊರು ಬಿಟ್ಟ ಸಂಕಟ ಬರೆದ, ಕೋಲಾರದಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಬಸ್ಸಿನ ಬಗ್ಗೆ ಬರೆದ. ಅದನ್ನೇ ಎರಡನೇ ಸಲ ಬರೆಯೋಕಾಗುತ್ತಾ?

ಇನ್ನು ಕೇಳುವವರು. ಮೊದಲ ಆಲ್ಬಂಗೆ ಯಾರೂ ಕಾದಿರಲಿಲ್ಲ, ಹಾಗಾಗಿ ಬಂದದ್ದೆಲ್ಲ ಲಾಭ. ಎರಡನೆಯದಕ್ಕೆ ಕಾಯುವವರಿದ್ದಾರೆ, ಅವರ ತಲೆಯಲ್ಲಿ ಒಂದು ಅಳತೆ ಕೂತಿದೆ. ಮುಳಬಾಗಿಲು ದೋಸೆ ತಿಂದು ಬಂದವರು ಎರಡನೇ ಸಲ ಹೋದಾಗ ಸುಮ್ಮನೆ ತಿನ್ನುವುದಿಲ್ಲ, ಹೋಲಿಸಿಕೊಂಡು ತಿನ್ನುತ್ತಾರೆ. ಅದೇ ರುಚಿ ಇದ್ದರೆ "ಅದೇ ದೋಸೆ". ಸ್ವಲ್ಪ ಬೇರೆ ಆದರೆ "ಮೊದಲಿನ ಹದ ಇಲ್ಲ". ರಜಾಯಿ ಕಟ್ಟಿದ ರೂಮಿನ ಆ ಮಂಕು ದನಿಯನ್ನೇ ಇಷ್ಟಪಟ್ಟವರಿಗೆ ಹೊಸ ಸ್ಟುಡಿಯೋದ ತಿಳಿ ದನಿ ಪರಕೀಯ ಅನ್ನಿಸುವುದು ಹೀಗೆ.

ಇವೆಲ್ಲ ಎಲ್ಲರೂ ಹೇಳುವ ಕಾರಣ. ಯಾರೂ ಹೇಳದ, ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವ ಕಾರಣ ಇನ್ನೊಂದಿದೆ. ಅದು ಸಂಗೀತದ್ದಲ್ಲ, ಶುದ್ಧ ಲೆಕ್ಕದ್ದು. ಅದನ್ನು ವಿವರಿಸೋಕೆ ನಮ್ಮ ಮಂಡಿಗಿಂತ ಒಳ್ಳೆ ಜಾಗ ಇಲ್ಲ.

2023ರ ಜುಲೈ ನೆನಪಿದೆಯಾ? ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ವಾರ ಫಸಲು ಕೈಗೆ ಬಂದವರ ಫೋಟೋ ಪೇಪರಿನಲ್ಲಿ ಬಂತು. ಅವರಲ್ಲಿ ಎಲ್ಲರೂ ಒಳ್ಳೆಯ ರೈತರೇ, ಬೆಳೆ ಉಳಿಸಿಕೊಳ್ಳುವುದು ಸುಮ್ನೆ ಅಲ್ಲ. ಆದರೆ ಒಳ್ಳೆಯ ರೈತರೆಲ್ಲರ ಫಸಲೂ ಆ ವಾರ ಬರಲಿಲ್ಲ. ಬಂದವರಿಗೆ ಕಸುಬಿನ ಜೊತೆಗೆ ಕಾಲವೂ ಕೂಡಿ ಬಂದಿತ್ತು. ಕೆಲವೇ ವಾರಗಳಲ್ಲಿ ರೇಟು ಇಳಿಯಿತು. ಅದೇ ರೈತ, ಅದೇ ಹೊಲ, ಅದೇ ಕೈ, ಮುಂದಿನ ಬೆಳೆಗೆ ಸಾಧಾರಣ ರೇಟು. ಅವನು ಕಸುಬು ಮರೆತನೇ? ಇಲ್ಲ. ಕಾಲ ಮಾಮೂಲಿಗೆ ಬಂತು, ಅಷ್ಟೇ.

ಹಾಡಿನದ್ದೂ ಇದೇ ಲೆಕ್ಕ. ಒಂದು ಹಾಡು ಓಡೋಕೆ ಹಾಡು ಚೆನ್ನಾಗಿರಬೇಕು, ಜೊತೆಗೆ ಯಾರೋ ಒಬ್ಬಳು ಸರಿಯಾದ ದಿನ ರೀಲ್ಸ್‌ಗೆ ಹಾಕಿರಬೇಕು, ಆ ವಾರ ದೊಡ್ಡ ಸಿನಿಮಾದ ಹಾಡು ಬಂದಿರಬಾರದು. ಮೊದಲ ಆಲ್ಬಂ ತುಂಬಾ ಓಡಿತು ಅಂದರೆ ಕಸುಬೂ ಕಾಲವೂ ಎರಡೂ ಕೂಡಿದ್ದವು ಅಂತ ಅರ್ಥ. ಎರಡನೇ ಸಲ ಕಸುಬು ಇರುತ್ತದೆ, ಕಾಲ ಸಾಮಾನ್ಯವಾಗಿ ಮಾಮೂಲಿ ಇರುತ್ತದೆ. ಸಂಖ್ಯೆ ಇಳಿಯುತ್ತದೆ. ಲೆಕ್ಕಶಾಸ್ತ್ರದವರು ಇದನ್ನು ಸರಾಸರಿಯ ಕಡೆಗೆ ವಾಲುವುದು ಅನ್ನುತ್ತಾರೆ.

ಇನ್ನೊಂದು ಗಮನಿಸಿ. ಮೊದಲ ಆಲ್ಬಂ ಯಾರಿಗೂ ತಲುಪದೆ ಹೋದವರ ಎರಡನೇ ಆಲ್ಬಂ ಬಗ್ಗೆ ನಾವು ಮಾತೇ ಆಡುವುದಿಲ್ಲ. ಅದು ಮೊದಲಿನದಕ್ಕಿಂತ ಚೆನ್ನಾಗಿ ಓಡಿದರೂ ನಮಗೆ ಅದು ಅವರ 'ಮೊದಲನೆಯದೇ'. ನಾವು ಎಣಿಸುವುದು ಮೇಲೆ ಹತ್ತಿದವರನ್ನು ಮಾತ್ರ. ಹತ್ತಿದವರನ್ನೇ ಎಣಿಸಿದರೆ ಇಳಿದವರೇ ಜಾಸ್ತಿ ಕಾಣುವುದು ಸಹಜ, ಅಲ್ವಾ?

ಉಲ್ಟಾ ಆದದ್ದೂ ಇದೆ. 606 ಡಾಲರಿನ ಆ ನಿರ್ವಾಣ ತಂಡವೇ 1991ರಲ್ಲಿ ಎರಡನೇ ಆಲ್ಬಂ ಬಿಟ್ಟಿತು. 1992ರ ಜನವರಿಗೆ ಅದು ಅಮೆರಿಕದ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಮೈಕೆಲ್ ಜಾಕ್ಸನ್ ಅವರ ಆಲ್ಬಂ ಕೆಳಗಿಳಿಸಿ ಮೊದಲ ಸ್ಥಾನಕ್ಕೆ ಹೋಯಿತು. ಮೊದಲಿನದಕ್ಕೆ ಕಾಲ ಕೂಡಿರಲಿಲ್ಲ, ಎರಡನೆಯದಕ್ಕೆ ಕೂಡಿತು.

## ಜನ ಹೇಗೆ ತಗೊಂಡರು ಅಂತ ಗೊತ್ತಾಗುವುದು ಹೇಗೆ

ಅಪ್ಪ ಮೊಬೈಲಿನಲ್ಲಿ ಎರಡು ಸಂಖ್ಯೆ ತೋರಿಸಿದರು. ಮೊದಲ ಆಲ್ಬಂನ ಆ ಹಾಡಿನದ್ದು ಲಕ್ಷಗಳಲ್ಲಿ, ಹೊಸ ಹಾಡಿನದ್ದು ಸಾವಿರಗಳಲ್ಲಿ. "ನೋಡಿ, ಇಲ್ಲೇ ಇದೆಯಲ್ಲ ಉತ್ತರ." ಇಲ್ಲ. ಒಂದು ಎರಡು ವರ್ಷದಿಂದ ಓಡುತ್ತಿರುವ ಹಾಡು, ಇನ್ನೊಂದು ಮೂರು ವಾರದ್ದು. ದೊಡ್ಡ ಮಗನ ಎತ್ತರಕ್ಕೆ ಮಗುವಿನ ಎತ್ತರ ಹೋಲಿಸಿದ ಹಾಗಾಯಿತು. ಹೋಲಿಸಲೇಬೇಕಾದರೆ ಅದರ ಮೊದಲ ಮೂರು ವಾರ, ಇದರ ಮೊದಲ ಮೂರು ವಾರ ನೋಡಬೇಕು. ಅದೂ ಓಡಿದ ಒಂದು ಹಾಡನ್ನಲ್ಲ, ಇಡೀ ಆಲ್ಬಂ.

ಸಂಖ್ಯೆಗಳಿಗೂ ಅವುಗಳದೇ ಭಾಷೆ ಇದೆ. ಸ್ಪಾಟಿಫೈನಲ್ಲಿ ಹಾಡು 30 ಸೆಕೆಂಡ್ ಓಡಿದರೆ ಮಾತ್ರ ಒಂದು ಅಂತ ಎಣಿಕೆ. 29ಕ್ಕೆ ಮುಂದೆ ತಳ್ಳಿದರೆ ಕೇಳಿಲ್ಲ ಅಂತ ಲೆಕ್ಕ. ಈಗಿನ ಹಾಡುಗಳಲ್ಲಿ ದೊಡ್ಡ ಮುನ್ನುಡಿ ಸಂಗೀತ ಇಲ್ಲದೆ ಪಲ್ಲವಿ ಬೇಗ ಶುರುವಾಗುವುದಕ್ಕೆ ಇದೂ ಒಂದು ಕಾರಣ. 'ತಿಂಗಳ ಕೇಳುಗರು' ಅಂತ ತೋರಿಸುವ ಸಂಖ್ಯೆ ಹಿಂದಿನ 28 ದಿನಗಳಲ್ಲಿ ಒಮ್ಮೆಯಾದರೂ ಕೇಳಿದವರದ್ದು. ಆಪ್ ತಾನಾಗಿ ಹಾಕಿದ್ದನ್ನು ಕೇಳಿದವರೂ ಅದರಲ್ಲಿ ಸೇರುತ್ತಾರೆ. ನನ್ನ ಕೇಳಿದರೆ, ಎಷ್ಟು ಜನ ಹಾಡನ್ನು ತಮ್ಮ ಪಟ್ಟಿಗೆ ಸೇರಿಸಿಕೊಂಡರು, ಎಷ್ಟು ಜನ ಮತ್ತೆ ಬಂದು ಕೇಳಿದರು ಅನ್ನೋದು ಜಾಸ್ತಿ ಹೇಳುತ್ತದೆ. ಅದು ಹೊರಗಿನವರಿಗೆ ಕಾಣುವುದಿಲ್ಲ, ಹುಡುಗನಿಗೆ ಕಾಣುತ್ತದೆ. ಅವನನ್ನೇ ಕೇಳಿ.

ಆಲ್ಬಂಗೆ ಮುಂಚೆ ಒಂದೊಂದೇ ಹಾಡು ಬಿಡುವುದಕ್ಕೂ ಕಾರಣವಿದೆ. ಬಿಡುಗಡೆಗೆ ಮೊದಲೇ ಒಂದು ಹಾಡನ್ನು ಸ್ಪಾಟಿಫೈನ ಹಾಡಿನ ಪಟ್ಟಿ (ಪ್ಲೇಲಿಸ್ಟ್) ಮಾಡುವವರ ಮುಂದೆ ಇಡಬಹುದು. ಆದರೆ ಒಂದು ಬಾರಿಗೆ ಒಂದೇ. ಎಂಟೂ ಒಟ್ಟಿಗೆ ಬಿಟ್ಟರೆ ಒಂದೇ ಸಲ ಬಾಗಿಲು ತಟ್ಟಿದಂತೆ, ಎರಡು ಮೂರು ಮೊದಲು ಬಿಟ್ಟರೆ ಎರಡು ಮೂರು ಸಲ. ಮತ್ತೆ ಎಲ್ಲ ಬಿಡುಗಡೆ ಶುಕ್ರವಾರವೇ ಯಾಕೆ ಅಂತ ಅಪ್ಪನಿಗೆ ಅನುಮಾನವಿತ್ತು, ದೇವರ ವಾರ ಅಂತ ಅಂದುಕೊಂಡಿದ್ದರು. 2015ರಿಂದ ಪ್ರಪಂಚದ ಎಷ್ಟೋ ದೇಶಗಳು ಹೊಸ ಸಂಗೀತಕ್ಕೆ ಶುಕ್ರವಾರ ಅಂತ ಒಪ್ಪಿಕೊಂಡಿವೆ.

ಇನ್ನು ವಿಮರ್ಶೆ. ಕನ್ನಡದಲ್ಲಿ ಸಿನಿಮಾಕ್ಕೆ ಸಿಗುವಷ್ಟು ವಿಮರ್ಶೆ ಆಲ್ಬಂಗೆ ಸಿಗುವುದಿಲ್ಲ. ಬಂದದ್ದೂ ಮೊದಲ ವಾರದ ಮಾತು. ಅದನ್ನು ಎಷ್ಟು ಹಗುರಾಗಿ ತಗೋಬೇಕು ಅನ್ನೋಕೆ ಒಂದು ಕಥೆ ಇದೆ. ಅಮೆರಿಕದ ವೀಜರ್ ತಂಡದ ಎರಡನೇ ಆಲ್ಬಂ 'ಪಿಂಕರ್ಟನ್' 1996ರಲ್ಲಿ ಬಂತು. ಮೊದಲಿನದ್ದು ಚೆನ್ನಾಗಿ ಓಡಿತ್ತು, ಇದು ಒರಟು, ತೀರಾ ಖಾಸಗಿ. ರೋಲಿಂಗ್ ಸ್ಟೋನ್ ಪತ್ರಿಕೆಯ ಓದುಗರು ಆ ವರ್ಷದ ಕೆಟ್ಟ ಆಲ್ಬಂಗಳಲ್ಲಿ ಇದಕ್ಕೆ 3ನೇ ಸ್ಥಾನ ಕೊಟ್ಟರು. ಎಂಟು ವರ್ಷ ಕಳೆದ ಮೇಲೆ, 2004ರಲ್ಲಿ, ಅದೇ ಪತ್ರಿಕೆ ಅದೇ ಆಲ್ಬಂಗೆ ಐದಕ್ಕೆ ಐದು ನಕ್ಷತ್ರ ಕೊಟ್ಟಿತು. ಹಾಡಿನಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಅದನ್ನು ಕೇಳುತ್ತಾ ಬೆಳೆದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿದ್ದರು.

ಸಂಖ್ಯೆಯೂ ಬೇಡ, ನಕ್ಷತ್ರವೂ ಬೇಡ ಅನ್ನುವವರಿಗೆ ಹಳೇ ಪರೀಕ್ಷೆ ಇದೆ. ಹುಡುಗ ಹಾಡುವ ಕಡೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತುಕೊಳ್ಳಿ. ಹೊಸ ಹಾಡು ಶುರುವಾದಾಗ ಜನ ಮೊಬೈಲ್ ನೋಡುತ್ತಾರಾ, ಎರಡನೇ ಚರಣಕ್ಕೆ ತುಟಿ ಅಲ್ಲಾಡಿಸುತ್ತಾರಾ ಅಂತ ನೋಡಿ. ಪಲ್ಲವಿ ಎಲ್ಲರಿಗೂ ಬರುತ್ತದೆ. ಎರಡನೇ ಚರಣ ಬರುವುದು ಮನೆಯಲ್ಲಿ ಕೂತು ಕೇಳಿದವರಿಗೆ ಮಾತ್ರ.

## ದುಡ್ಡು ಬರುತ್ತಾ?

ಇದು ಕೊನೆಗೆ ಬಂದ ಪ್ರಶ್ನೆ, ಆದರೆ ಮೊದಲಿನಿಂದ ಅಪ್ಪನ ಮನಸ್ಸಿನಲ್ಲಿದ್ದ ಪ್ರಶ್ನೆ.

ಒಂದು ಪ್ಲೇಗೆ ಇಷ್ಟು ಪೈಸೆ ಅಂತ ಗೊತ್ತುಮಾಡಿದ ರೇಟಿಲ್ಲ. ದೇವಸ್ಥಾನದ ಹುಂಡಿ ಅಂದುಕೊಳ್ಳಿ. ತಿಂಗಳಿಗೆ ಕಟ್ಟುವವರ ದುಡ್ಡು, ಜಾಹೀರಾತಿನ ದುಡ್ಡು ಎಲ್ಲ ಒಂದೇ ಹುಂಡಿಗೆ. ಸ್ಪಾಟಿಫೈ ಹೇಳುವಂತೆ ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಹಾಡಿನ ಹಕ್ಕುದಾರರಿಗೆ ಹೋಗುತ್ತದೆ. ಒಟ್ಟು ಓಡಿದ ಹಾಡುಗಳಲ್ಲಿ ನಿಮ್ಮದು ಎಷ್ಟು ಪಾಲೋ, ದುಡ್ಡಿನಲ್ಲೂ ಅಷ್ಟೇ ಪಾಲು. ಹಾಗಾಗಿ ಅಪ್ಪ ತಿಂಗಳಿಡೀ ಮಗನ ಹಾಡೊಂದನ್ನೇ ಕೇಳಿದರೂ ಅವರು ಕಟ್ಟಿದ ದುಡ್ಡು ನೇರ ಮಗನಿಗೆ ಹೋಗುವುದಿಲ್ಲ. ಹುಂಡಿಗೆ ಬಿದ್ದದ್ದು ಹುಂಡಿಯ ಲೆಕ್ಕದಲ್ಲೇ ಹಂಚಿಹೋಗುತ್ತದೆ. ಸ್ಪಾಟಿಫೈನಲ್ಲಿ 2024ರಿಂದ ಇನ್ನೊಂದು ನಿಯಮ ಬಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಓಡದ ಹಾಡಿಗೆ ಆ ಪಾಲೂ ಇಲ್ಲ. ಇದರಿಂದಲೇ ಬದುಕುತ್ತೇನೆ ಅಂದರೆ ಕಷ್ಟ. ಇಂಡೀ ಕಲಾವಿದರು ಹೆಚ್ಚಾಗಿ ಬದುಕುವುದು ಕಾರ್ಯಕ್ರಮಗಳಿಂದ. ಆಲ್ಬಂ ಅವರಿಗೆ ಒಂದು ರೀತಿ ಲಗ್ನಪತ್ರಿಕೆ, ಮದುವೆ ಆಮೇಲೆ.

ಆದರೆ ಒಂದು ಹಾಡಿನಲ್ಲಿ ಎರಡು ಸ್ವತ್ತು ಇರುತ್ತವೆ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ಮಾತು ಮತ್ತು ರಾಗ ಒಂದು. ಅದನ್ನು ಹಾಡಿ ಹಿಡಿದಿಟ್ಟ ರೆಕಾರ್ಡಿಂಗ್ ಇನ್ನೊಂದು. ನಾಳೆ ಬೇರೆ ಯಾರೋ ಅದೇ ಹಾಡನ್ನು ಹಾಡಿದರೆ ರೆಕಾರ್ಡಿಂಗ್ ಅವರದ್ದು, ಮಾತು ಮತ್ತು ರಾಗ ಇನ್ನೂ ಹುಡುಗನದ್ದೇ. ಆ ಪಾಲು ವಸೂಲಿ ಮಾಡಿಕೊಡೋಕೆ 1969ರಿಂದ ಐಪಿಆರ್‌ಎಸ್ ಅನ್ನುವ ಸಂಸ್ಥೆ ಇದೆ, ಹಾಡು ಬರೆದವರು, ರಾಗ ಹಾಕಿದವರು ಅದರ ಸದಸ್ಯರಾಗಬಹುದು. 2012ರ ಕಾಪಿರೈಟ್ ಕಾಯ್ದೆ ತಿದ್ದುಪಡಿಯ ಮೇಲೆ ಈ ಪಾಲಿಗೆ ಇನ್ನೂ ಗಟ್ಟಿ ನೆಲೆ ಸಿಕ್ಕಿತು. ಹುಡುಗ ಸದಸ್ಯನಾಗಿದ್ದಾನಾ ಅಂತ ಕೇಳಿದೆ. "ಇನ್ನೂ ಇಲ್ಲ ಅಂಕಲ್" ಅಂದ. ಬೈದೆ.

"ಹಾಗಾದ್ರೆ ಇದೆಲ್ಲ ಎಷ್ಟು ದಿನ ಅವನದು?" ಅಂತ ಅಪ್ಪ ಕೇಳಿದರು. ನಮ್ಮ ಕಾನೂನಿನ ಪ್ರಕಾರ ರೆಕಾರ್ಡಿಂಗ್ ಮೇಲಿನ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಮಾತು ಮತ್ತು ರಾಗದ ಮೇಲಿನದ್ದು ಅವನ ಬದುಕಿನಷ್ಟು, ಅದರ ಮೇಲೆ ಇನ್ನೂ 60 ವರ್ಷ. ಯಾವ ಕಂಪನಿಗೂ ಬರೆದುಕೊಟ್ಟಿಲ್ಲವಾದ್ದರಿಂದ ಎರಡೂ ಪೂರ್ತಿ ಅವನದೇ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಮಾಲು ನಾಲ್ಕು ದಿನ ಇಟ್ಟರೆ ನೀರಾಗುತ್ತೆ ಅಣ್ಣಾ" ಅಂದರು. ಆಮೇಲೆ ಮೊಬೈಲ್ ನನ್ನ ಕೈಗೆ ಕೊಟ್ಟು, ಮೂರನೇ ಹಾಡಿನಲ್ಲಿ ಮಂಡಿ ಹರಾಜಿನ ಕೂಗು ಇದೆಯಂತೆ, ಹಾಕಿ ಕೇಳೋಣ ಅಂದರು. ಹಾಕಿದೆ. ತಮಟೆ ಶುರುವಾಗುವುದರೊಳಗೆ ಮಂಡಿಯಿಂದ ಫೋನು ಬಂತು, ತೆಗೆಯೋಕೆ ಕೈ ಚಾಚಿದರು. ತಡೆದೆ. ಆಗ 22ನೇ ಸೆಕೆಂಡ್ ಓಡುತ್ತಿತ್ತು.